ಬಿ ಬದಿ ಕೇಳಿದವರು ಯಾರು?

ರೆಕಾರ್ಡಿನ ಕವರ್ ಇತ್ತು, ಒಳಗಿನ ತಟ್ಟೆ ಇರಲಿಲ್ಲ!

ಫುಸಾಕೊ ಕವರನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದಳು. ಹಾಡಿನ ಸಾಲುಗಳ ಹಾಳೆಯೊಂದು ಜಾರಿಬಿತ್ತು, ಅಷ್ಟೇ.

ಮೋರಿಯೋಕಾದ ನದಿದಂಡೆಯ ಈ ಕಾಫಿ ಅಂಗಡಿಯನ್ನು ಅವಳೂ ಗಂಡನೂ ಸೇರಿ ತೆರೆದು ಐವತ್ತು ವರ್ಷವಾಗಿತ್ತು. ಗಂಡ ಹೋದಮೇಲೂ ಪದ್ಧತಿ ಬದಲಾಗಿರಲಿಲ್ಲ. ಗೋಡೆ ತುಂಬ ರೆಕಾರ್ಡುಗಳು. ಗಿರಾಕಿ ಚೀಟಿ ಬರೆದುಕೊಟ್ಟರೆ ಒಂದು ಬದಿ ಹಾಕುವುದು. ಒಂದು ಚೀಟಿಗೆ ಒಂದೇ ಬದಿ, ಯಾರ ಮುಲಾಜೂ ಇಲ್ಲ.

ಕಾಣೆಯಾದದ್ದು ‘ಕುದುರೆಗಳ ಚಳಿಗಾಲ’. ಊರಿನ ನಾಲ್ಕು ಹುಡುಗರು ೧೯೭೫ರಲ್ಲಿ ಮಾಡಿದ ರಾಕ್ ಆಲ್ಬಮ್. ಅಚ್ಚಾಗಿದ್ದು ಐನೂರು, ಮಾರಿದ್ದು ಅರವತ್ತು, ಉಳಿದದ್ದು ಗೋದಾಮಿನಲ್ಲೇ ಹಾಳಾಯಿತು. ಅಂಗಡಿಯ ಅಭಿಪ್ರಾಯ ಪುಸ್ತಕದಲ್ಲಿ ಒಬ್ಬ ‘ನಮ್ಮೂರ ಹೆಮ್ಮೆ’ ಎಂದು ಬರೆದಿದ್ದರೆ, ಅದರ ಕೆಳಗೇ ಇನ್ನೊಬ್ಬ ‘ಆರ್ಗನ್ನಿಗೆ ಹೊಟ್ಟೆನೋವು’ ಎಂದು ಗೀಚಿದ್ದ.

ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಆ ಆರ್ಗನ್ನಿನ ಕೀಲಿಮಣೆ ನುಡಿಸಿದ ಮಿನಾಸೆ ಅಕಿತಾದಿಂದ ಬರುವವರಿದ್ದರು. ಅವರ ಕಿವಿ ದಿನದಿನಕ್ಕೂ ಮುಚ್ಚಿಕೊಳ್ಳುತ್ತಿತ್ತು. ಚಳಿಗಾಲದ ಹೊತ್ತಿಗೆ ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಅವರ ಬಳಿ ಒಂದು ಪ್ರತಿಯೂ ಉಳಿದಿರಲಿಲ್ಲ. ಕೇಳುವುದಾದರೆ ಇಲ್ಲೇ, ಈಗಲೇ.

ಫುಸಾಕೊ ಒಬಾರಾಗೆ ಫೋನು ಮಾಡಿದಳು. ರೈಲ್ವೆ ಸ್ಟೇಷನ್ನಿನಲ್ಲಿ ಕಳೆದುಹೋದ ಸಾಮಾನುಗಳ ಕಿಟಕಿಯ ಹಿಂದೆ ಮೂವತ್ತು ವರ್ಷ ಕೂತು ನಿವೃತ್ತರಾದವರು ಅವರು. ಹತ್ತೇ ನಿಮಿಷದಲ್ಲಿ ಬಂದು ತಮ್ಮ ಮಾಮೂಲು ಸ್ಟೂಲಿನ ಮೇಲೆ ಕೂತರು.

“ನಿನ್ನೆ ಯಾರ್ಯಾರು ಬಂದಿದ್ರು?”

ಬೆಳಿಗ್ಗೆ ತಟ್ಟೆ ಒರೆಸಿಟ್ಟಮೇಲೆ ಮಧ್ಯಾಹ್ನವಿಡೀ ಇಬ್ಬರೇ, ಎಂದಳು ಫುಸಾಕೊ. ಎದುರಿನ ಹಳೇ ರೆಕಾರ್ಡ್ ವ್ಯಾಪಾರಿ ಉಬೆ. ಇನ್ನೊಬ್ಬರು ಹತಾನೋ ಮೇಷ್ಟ್ರು, ಸಂಗೀತ ಪತ್ರಿಕೆಗಳಿಗೆ ಬರೆದು ಬರೆದು ಮುದುಕರಾದವರು. ಅವಳು ಒಳಗೆ ಅನ್ನ-ಸಾರು ಬಿಸಿಮಾಡುವಾಗ ಇಬ್ಬರೂ ಕಪಾಟಿನ ಹತ್ತಿರವೇ ಇದ್ದರು. ಮಿನಾಸೆ ಬರುವ ಸುದ್ದಿಯನ್ನು ಇಬ್ಬರಿಗೂ ತಾನೇ ಖುಷಿಯಿಂದ ಹೇಳಿದ್ದಳು.

ಅಷ್ಟರಲ್ಲಿ ಹತಾನೋ ತಾವಾಗಿಯೇ ಒಳಬಂದರು. ಕೌಂಟರಿನ ಮೇಲಿದ್ದ ಬರಿ ಕವರ್ ನೋಡಿ ನಿಂತರು, ಆಮೇಲೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮೂಲೆಯ ಕುರ್ಚಿ ಹಿಡಿದರು. ಕಳವಾದದ್ದನ್ನು ಕೇಳಿ ಬಹಳ ನೊಂದುಕೊಂಡರು.

“ಕಪ್ಪೆಗಳು ಕೂಗ್ತಾ ಇರೋವಾಗಲೇ ಆರ್ಗನ್ ನಿಲ್ಲಿಸಿಬಿಡ್ತಾನಲ್ಲ, ಆ ಧೈರ್ಯ ಯಾರಿಗಿರುತ್ತೆ? ಅಂಥಾದ್ದನ್ನ ಕಳ್ಕೊಂಡ್ರಲ್ಲ, ಫುಸಾಕೊ ಸಾನ್.”

ಫುಸಾಕೊಗೆ ಕಣ್ಣು ತುಂಬಿತು. ಆ ಕಪ್ಪೆಗಳು! ಜೂನ್ ತಿಂಗಳ ಗದ್ದೆ, ಮೊಣಕಾಲುದ್ದ ಕೆಸರು, ಜಿಟಿಜಿಟಿ ಮಳೆ. ಆಲ್ಬಮ್ಮಿಗೆಂದು ಕಪ್ಪೆಗಳ ಕೂಗು ಸೆರೆಹಿಡಿಯಲು ಮಿನಾಸೆ ಮೈಕ್ ಹಿಡಿದಿದ್ದರೆ, ಇಪ್ಪತ್ತು ವರ್ಷದ ತಾನು ಮೈಕಿಗೆ ಕೊಡೆ ಹಿಡಿದು ತೊಯ್ದು ತೊಪ್ಪೆಯಾಗಿದ್ದಳು. ಎಂಥ ದಿನಗಳವು! ಅವಳು ಬಿಕ್ಕುತ್ತಲೇ ಆ ಕಥೆಯನ್ನೆಲ್ಲ ಹೇಳಿದಳು.

ಉಬೆಯನ್ನು ಕರೆಸಿದಾಗ ಅವನು ಸಿಡಿಮಿಡಿಗೊಂಡ. ಹೌದು, ಈ ರೆಕಾರ್ಡಿಗಾಗಿ ಮೂರು ಸಲ ಅಂಗಲಾಚಿದ್ದೇನೆ, ಹಾಗಂತ ಕಳ್ಳನೇ? ಎಂದು ಕೂಗಾಡಿದ.

ಒಬಾರಾ ಅವನನ್ನು ಸಮಾಧಾನಪಡಿಸಿದರು. “ನೀವಲ್ಲ ಬಿಡಿ. ಕವರಿನ ಸೊಂಟಕ್ಕೆ ಸುತ್ತಿರೋ ಈ ಕಾಗದದ ಪಟ್ಟಿ ಇಲ್ಲೇ ಇದೆಯಲ್ಲ? ಇದಿಲ್ಲದೆ ನಿಮ್ಮ ವ್ಯಾಪಾರದಲ್ಲಿ ಬರಿ ತಟ್ಟೆಗೆ ಬೆಲೆ ಎಲ್ಲಿದೆ?”

“ಪಟ್ಟಿ ಬಿಟ್ಟು ತಟ್ಟೆ ಒಯ್ಯೋನು ಮುಠ್ಠಾಳ” ಎಂದ ಉಬೆ.

“ಮುಠ್ಠಾಳ ಅಲ್ಲ. ಮಾರೋಕೆ ಒಯ್ಯಲಿಲ್ಲ, ಕೇಳೋಕೆ ಒಯ್ದ.”

ಒಬಾರಾ ಅಭಿಪ್ರಾಯ ಪುಸ್ತಕ ತೆರೆದರು. ಅದರಲ್ಲಿ ಹಳದಿಯಾದ ಒಂದು ಪತ್ರಿಕೆಯ ತುಣುಕು ಅಂಟಿಸಿತ್ತು: ಹತಾನೋ ಬರೆದ ವಿಮರ್ಶೆ. ‘ಡ್ರಮ್ಮಿನ ಗದ್ದಲದಲ್ಲಿ ಮುಗಿದುಹೋಗುವ, ಬೆನ್ನೆಲುಬಿಲ್ಲದ ಆಲ್ಬಮ್.’ ಅದು ಬಂದ ತಿಂಗಳೊಪ್ಪತ್ತಿನಲ್ಲೇ ಹುಡುಗರ ತಂಡ ಒಡೆದುಹೋಗಿತ್ತು.

“ಫುಸಾಕೊ ಸಾನ್, ಡ್ರಮ್ಮಿನಲ್ಲಿ ಮುಗಿಯೋದು ಯಾವುದು?”

“ಎ ಬದಿ.”

“ಮತ್ತೆ ಕಪ್ಪೆ?”

“ಬಿ ಬದಿ ಕೊನೇಲಿ. ಆದ್ರೆ ಅದನ್ನ ಇಲ್ಲಿ ಹಾಕೋದೇ ಇಲ್ಲ. ಆ ಬದಿ ಮೊದಲ ಮೂರು ನಿಮಿಷ ಬರಿ ಗಾಳಿ ಬೀಸೋ ಸದ್ದು. ಸ್ಪೀಕರ್ ಕೆಟ್ಟಿದೆ ಅಂತ ಜಗಳ ತೆಗೀತಿದ್ರು, ಅದಕ್ಕೇ ನಮ್ಮವರು ಕವರ್ ಮೇಲೆ ‘ಎ ಬದಿ ಮಾತ್ರ’ ಅಂತ ಚೀಟಿ—”

ಅವಳು ತಟ್ಟನೆ ಹತಾನೋ ಕಡೆ ತಿರುಗಿದಳು. ಕಪ್ಪೆಗಳು ಅವಳಿಗೆ ನಿನ್ನೆ ಮೊನ್ನೆಯ ಸಂಗತಿ. ಅದಕ್ಕೇ ಹತಾನೋ ಅವುಗಳ ಮಾತೆತ್ತಿದಾಗ ಅವಳಿಗೆ ವಿಚಿತ್ರವೆನಿಸಿರಲಿಲ್ಲ.

“ವಿಮರ್ಶೆ ಬರೆದಾಗ ಮೇಷ್ಟ್ರಿಗೆ ಕಪ್ಪೆ ಗೊತ್ತಿರಲಿಲ್ಲ. ಇವತ್ತು ಗೊತ್ತಿದೆ” ಎಂದರು ಒಬಾರಾ. “ಮೇಷ್ಟ್ರೇ, ಬಂದಾಗಿನಿಂದ ಆ ಚೀಲ ತೊಡೆ ಬಿಟ್ಟು ಇಳಿದಿಲ್ಲ. ನಮ್ಮ ಕಿಟಕಿ ಹತ್ರ ಬೇರೆಯವರ ಸಾಮಾನು ತಂದವರು ಹಾಗೇ ಹಿಡ್ಕೊಂಡಿರ್ತಿದ್ರು.”

ಹತಾನೋ ಚೀಲ ತೆರೆದರು. ಬಿಳಿ ಬಟ್ಟೆಯಲ್ಲಿ ಸುತ್ತಿದ ತಟ್ಟೆ, ಒಂದು ಗೀರೂ ಇಲ್ಲ. ವಿಮರ್ಶೆ ಬರೆಯುವಾಗ ಪತ್ರಿಕೆಗೆ ಆಲ್ಬಮ್ಮಿನ ಪ್ರತಿ ಬಂದಿರಲಿಲ್ಲವಂತೆ. ಇದೇ ಕುರ್ಚಿಯಲ್ಲಿ ಕೂತು ಒಂದು ಚೀಟಿ ಬರೆದು, ಒಂದು ಬದಿ ಕೇಳಿ, ಇಡೀ ಆಲ್ಬಮ್ಮಿನ ಹಣೆಬರಹ ಬರೆದುಬಿಟ್ಟಿದ್ದರು. ಮಿನಾಸೆಗೆ ಮುಖ ತೋರಿಸುವ ಮೊದಲು ಉಳಿದರ್ಧ ಕೇಳೋಣವೆಂದು ನಿನ್ನೆ ಒಯ್ದಿದ್ದರು. ಈಗ ವಾಪಸು ಇಡಲು ಬಂದರೆ ಕವರ್ ಆಗಲೇ ಕೌಂಟರಿನ ಮೇಲಿತ್ತು.

“ನಾಲ್ಕು ಸಲ ಕೇಳ್ದೆ” ಎಂದರು. “ನಾಲ್ಕು ಸಲಾನೂ ಅತ್ತೆ. ಎಂಥಾ ಕೆಲಸ ಮಾಡ್ಬಿಟ್ಟೆ ನಾನು.”

ಫುಸಾಕೊ ತಟ್ಟೆಯನ್ನು ತೆಗೆದುಕೊಂಡು ಕವರಿಗೆ ಸೇರಿಸಿದಳು.

ಮೂರಕ್ಕೆ ಸರಿಯಾಗಿ ಮಿನಾಸೆ ಬಂದರು. ಹತಾನೋ ಸೊಂಟದವರೆಗೆ ಬಾಗಿ ಎಲ್ಲ ಒಪ್ಪಿಕೊಂಡರು. ಮಿನಾಸೆ ಕಿವಿಗೆ ಕೈ ಆನಿಸಿ, “ಏನಂದ್ರಿ?” ಎಂದು ಕೇಳಿದರು. ಹತಾನೋ ಅದನ್ನೆಲ್ಲ ಮತ್ತೊಮ್ಮೆ, ಗಂಟಲು ಹರಿಯುವಂತೆ ಕೂಗಿ ಹೇಳಬೇಕಾಯಿತು.

ಮಿನಾಸೆ ಕೂತು, ಪಕ್ಕದ ಕುರ್ಚಿ ಎಳೆದರು.

“ನನಗೂ ಈಗ ಅರ್ಧಾನೇ ಕೇಳೋದು, ಮೇಷ್ಟ್ರೇ. ಡ್ರಮ್ ಗೊತ್ತಾಗುತ್ತೆ. ನನ್ನ ಆರ್ಗನ್ನೇ ಗೊತ್ತಾಗಲ್ಲ. ಪಕ್ಕದಲ್ಲಿ ಕೂತ್ಕೊಳ್ಳಿ. ಅದು ಬಂದಾಗ ನನ್ನ ಕೈ ಒತ್ತಿ.”

ಫುಸಾಕೊ ಬಿ ಬದಿ ಹಾಕಿದಳು. ಮೂರು ನಿಮಿಷ ಬರಿ ಗಾಳಿ ಬೀಸಿತು. ಆಮೇಲೆ ಹತಾನೋ ಅವರ ಬೆರಳುಗಳು ಮಿನಾಸೆಯ ಮಣಿಕಟ್ಟನ್ನು ಒತ್ತಿದವು. ಮಿನಾಸೆ ಕಣ್ಣು ಮುಚ್ಚಿ, ಇನ್ನೊಂದು ಕೈಯನ್ನು ಮೇಜಿನ ಮೇಲಿಟ್ಟು ನುಡಿಸತೊಡಗಿದರು. ಫುಸಾಕೊ ಆ ಬೆರಳುಗಳನ್ನೇ ನೋಡುತ್ತ ನಿಂತಳು. ಒಂದು ಸ್ವರವೂ ತಪ್ಪಲಿಲ್ಲ.