ಕೇಳದೆ ಹಾಸಿದ ಕಂಬಳಿ

ನೆಂಟರೆಲ್ಲ ಊರಿಗೆ ಹೋದ ಮರುದಿನ ಬೆಳಿಗ್ಗೆ ನಳ ಬಂತು.

"ನಳಾ ಬಂದಾವ್ರೀ!" ಎಂದು ಓಣಿಯ ತುದಿಯಿಂದ ಯಾರೋ ಕೂಗಿದರು. ವಾರಕ್ಕೊಮ್ಮೆ ಬರುವ ನೀರು ಯಾರ ಮನೆಯ ಸಾವಿಗೂ ಕಾಯುವುದಿಲ್ಲ. ಜಯಾ ಎದ್ದು ಕೊಡ, ಬಕೇಟು, ಹಂಡೆ ತುಂಬಿದಳು. ಪೈಪು ಹಿಡಿಯುವುದು ಗಂಡ ಹನಮೇಶನ ಕೆಲಸವಾಗಿತ್ತು. ಈಗ ಅದರ ತುದಿಯನ್ನು ಕಾಲಿನಿಂದ ಒತ್ತಿಹಿಡಿದು ಎರಡೂ ಕೆಲಸ ತಾನೇ ಮಾಡಿದಳು. ಅಳು ಬರಲಿಲ್ಲ. ಬರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ತಲೆಯೆತ್ತಿದರೆ ಬಾಗಿಲಲ್ಲಿ ಬೀರವ್ವ ನಿಂತಿದ್ದಳು. ಹುಬ್ಬಳ್ಳಿ ಹತ್ತಿರದ ಸುಳ್ಳ ಗ್ರಾಮದಲ್ಲಿ ಹನಮೇಶ ಹುಟ್ಟಿ ಬೆಳೆದ ಮನೆಗೆ ಇವಳದು ಪಕ್ಕದ ಮನೆ, ಕುರಿ ಕಾಯ್ದ ಮನೆತನ. ಮೊದಲ ಬಸ್ಸಿಗೇ ಧಾರವಾಡಕ್ಕೆ ಬಂದಿದ್ದಳು.

"ನೀರ ತುಂಬು, ನೀರ ತುಂಬು. ಹಿಂದಿಂದ ಮಾತಾಡೂಣು," ಎಂದು ಕಟ್ಟೆಯ ಮೇಲೆ ಕುಳಿತು, ಜಯಾಳ ನಾಲ್ಕು ವರ್ಷದ ಮಗಳು ಇಳಾಳ ಮಡಿಲಿಗೆ ಒಂದು ಹಿಡಿ ಶೇಂಗಾ ಸುರಿದಳು. ನೀರು ನಿಂತ ಮೇಲೆ ಕೇಳಿದಳು: "ಹನಮ್ಯಾ ಒಯ್ದಿದ್ದ ನಮ್ಮ ಕಂಬಳಿ ಎಲ್ಲೈತಿ, ಯವ್ವಾ?"

ಕಂಬಳಿ ಒಳಗೆ ಮಂಚದ ಮೇಲಿತ್ತು. ಹನಮೇಶನ ಅಂಗಿಗಳನ್ನೆಲ್ಲ ನೆಂಟರು ಗಂಟು ಕಟ್ಟಿ ಕೊಟ್ಟುಬಿಟ್ಟಿದ್ದರು. ಅವನ ಮೈಯ ವಾಸನೆ ಉಳಿದದ್ದು ಆ ಕರಿಯ ಕಂಬಳಿಯೊಂದರಲ್ಲೇ.

"ಹುಡುಕಬೇಕ್ರಿ ಆಯೀ," ಎಂದಳು ಜಯಾ.

"ಹುಡುಕು. ಶೇವಂತೆವ್ವಗ ದಿನಾ ತುಂಬ್ಯಾವ. ನಮ್ಮ ಮನ್ಯಾಗ ಹುಟ್ಟಿದ ಕೂಸನ್ನ ಮೊದಲ ಅದರ ಮ್ಯಾಲ ಹಾಕೂದು." ಶೇವಂತೆವ್ವ ಅವಳ ಸೊಸೆ. ಬೀರವ್ವ ದನಿ ತಗ್ಗಿಸಿದಳು. "ಮತ್ತೊಂದು ಮಾತು. ಆ ಗುಡ್ಡದಾಗ ಹಾಸೂ ಮುಂದ ಕೇಳಿದ್ನೇನ ಅಂವಾ?"

ಏನು ಕೇಳುತ್ತಿದ್ದಾಳೆಂದು ಜಯಾಳಿಗೆ ಗೊತ್ತಿತ್ತು. ಬೀರವ್ವನ ಹಿರಿಯರು ಕುರಿ ಹೊಡೆದುಕೊಂಡು ಊರೂರು ತಿರುಗಿ, ಕತ್ತಲಾದಲ್ಲಿ ಕಂಬಳಿ ಹಾಸಿದವರು. ಹಾಸುವ ಮೊದಲು ಹೊಲದವನ ಅಪ್ಪಣೆ ಕೇಳಬೇಕು. ಯಾರೂ ಇಲ್ಲದ ಬಯಲಾದರೆ ನೆಲವನ್ನೇ ಕೇಳಬೇಕು, 'ಹಾಸಲೇನ್ರಿ' ಎಂದು. ಗಾಳಿಯೋ ಹಕ್ಕಿಯೋ ಏನಾದರೂ ಓಗೊಡುವವರೆಗೆ ನಿಲ್ಲಬೇಕು. ಓಗೊಡದಿದ್ದರೆ ಮುಂದೆ ನಡೆಯಬೇಕು.

ಹನಮೇಶ ಕೇಳಿರಲಿಲ್ಲ. ಅವನೇ ನಗುತ್ತ ಹೇಳಿದ್ದ. ಕಾಲೇಜಿನಲ್ಲಿ ಇತಿಹಾಸ ಕಲಿಸುವವನಿಗೆ ೨೦೦೬ರ ಬೇಸಿಗೆಯಲ್ಲಿ ಪೆರು ದೇಶಕ್ಕೆ ವಿಚಾರಸಂಕಿರಣದ ಕರೆ ಬಂದಿತ್ತು. ಅದು ಮುಗಿದ ಮೇಲೆ ಬೆಟ್ಟದ ಹಾದಿಯಲ್ಲಿ ನಾಲ್ಕು ದಿನ ನಡೆದು ಇಂಕಾ ಜನರ ಹಾಳೂರು ನೋಡಿದ್ದ. ಮಾತಿಲ್ಲದ ದಾರಿ ಅದು, ಎಂದಿದ್ದ. ಏರುತ್ತಿದ್ದಂತೆ ಮಾತಿಗೆ ಉಸಿರು ಉಳಿಯುವುದಿಲ್ಲ. ಮೊದಲು ಹಗ್ಗದ ಸೇತುವೆ, ಆಮೇಲೆ ಕಲ್ಲಿನ ಮೆಟ್ಟಿಲು, ಆಮೇಲೆ ಮಂಜು, ಕೊನೆಗೆ ಚಾವಣಿ ಇಲ್ಲದ ಮನೆಗಳು. ದಾರಿ ತೋರಿಸುವ ಮುದುಕ ಕೂರುವಾಗೆಲ್ಲ ನೆಲಕ್ಕೆ ನಾಲ್ಕು ಹನಿ ಚೆಲ್ಲಿ ಏನೋ ಗೊಣಗುತ್ತಿದ್ದ. "ಅವರೂ ನಮ್ಮ ಬೀರವ್ವನಂಗ, ನೋಡು!" ಕೊನೆಯ ರಾತ್ರಿ ಹನಮೇಶ ಡೇರೆ ಬಿಟ್ಟು ಒಬ್ಬನೇ ಹಾಳು ಮನೆಯೊಂದರಲ್ಲಿ ಕಂಬಳಿ ಹಾಸಿ ಮಲಗಿದ್ದ. ಬೆಳಿಗ್ಗೆ ಮುದುಕ ಅವನ ಗಂಟನ್ನೆಲ್ಲ ಹೊತ್ತನಂತೆ, ಕಂಬಳಿಯನ್ನು ಮಾತ್ರ ಮುಟ್ಟಲಿಲ್ಲವಂತೆ.

ಊರಿಗೆ ಬಂದು ವಾರವೂ ಆಗಿರಲಿಲ್ಲ, ಅವನಿಗೆ ಏದುಸಿರು ಹತ್ತಿತು. ನಾಲ್ಕನೆಯ ದಿನ "ಬಾಗಲಾ ಬಂತು" ಎಂದು ಸತ್ತ. ಶ್ವಾಸಕೋಶದಲ್ಲಿ ನೀರು ತುಂಬಿದೆ, ಬಹಳ ಎತ್ತರದ ಬೆಟ್ಟದಲ್ಲಿ ಹೀಗಾಗುತ್ತದೆ, ಧಾರವಾಡದಲ್ಲಿ ಯಾಕಾಯಿತೋ ತಿಳಿಯದು ಎಂದರು ಡಾಕ್ಟರು.

"ಆಯೀ, ಆ ಜನಾ ಸತ್ತು ನೂರಾರು ವರ್ಷ ಆತು," ಎಂದಳು ಜಯಾ. "ಯಾರನ್ನ ಕೇಳಬೇಕಾಗಿತ್ತು? ಅಲ್ಲಿ ನೆಲಕ್ಕ ಕನ್ನಡ ಬರ್ತದೇನು?"

"ಭಾಷಾ ಬರದಿದ್ರ ಸಿಟ್ಟೂ ಬರಂಗಿಲ್ಲೇನ? ನಿನ್ನ ಮಗಳು ಮಾತು ಕಲಿಯೂಕಿಂತ ಮೊದಲ ಸಿಟ್ಟು ಮಾಡಾಕ ಕಲತಿದ್ಲು."

"ಮಾಟಾ ಮಂತ್ರಾ ಅಂತ ನನ್ನ ಮುಂದ ಹೇಳಬ್ಯಾಡ್ರಿ. ನಾ ಎಂ.ಎಸ್ಸಿ. ಓದಾಕಿ."

"ಮಾಟಾ ಮಾಡಾಕ ಮನಷ್ಯಾ ಬೇಕು, ತಂಗಿ. ಇದು ಮನಷ್ಯಾ ಮಾಡಿದ್ದಲ್ಲ." ಬೀರವ್ವ ಎದ್ದು ನಿಂತಳು. "ಕೇಳಿ ಹಾಸಿದ್ರ ಚಿಂತಿಲ್ಲ, ನಾ ಒಯ್ತೀನಿ. ಕೇಳದ ಹಾಸಿದ್ರ ಅದರ ಬೆನ್ನ ಹತ್ತಿ ಏನೋ ಬಂದಿರತೈತಿ. ನಾ ಕೈಚಾಚಿ ತಗೊಂಡ್ರ ಅದು ನನ್ನ ಮನಿ ಹೊಕ್ಕಂಗ. ಹಾಸಿದ ಜಾಗಾಕ್ಕ ಒಯ್ದು 'ತಪ್ಪಾತು' ಅನಬೇಕು, ಇಲ್ಲಾ ಕಂಬಳಿ ಕೊಟ್ಟ ನಮ್ಮ ಮನಿ ಅದನ್ನ ಹೊರಬೇಕು. ನಡುವ ಎಲ್ಲೇ ಒಗದ್ರೂ ಹೋಗಂಗಿಲ್ಲ. ನೆನಪ ಮಾಡಿಕೊಂಡು ಹೇಳು. ಅಲ್ಲಿತನಾ ಯಾರೂ ಹೊಚಗೋಬ್ಯಾಡ್ರಿ. ಕೂಸಿಗಂತೂ ಬ್ಯಾಡ."

ಜಯಾ ತಲೆಯಾಡಿಸಿದಳು. ಬೀರವ್ವ ಓಣಿ ದಾಟುವ ಮೊದಲೇ ಒಳಗೆ ಹೋಗಿ ಕಂಬಳಿಯಲ್ಲಿ ಮುಖ ಹುದುಗಿಸಿದಳು.

ಅಂದು ಮಧ್ಯಾಹ್ನ ಕರೆಂಟು ಹೋಯಿತು. ಮಳೆಗಾಲ ಶುರುವಾಗಿ ಆಕಾಶ ಕಪ್ಪಾಗಿತ್ತು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇಳಾಳನ್ನು ಮಗ್ಗುಲಿಗೆ ಹಾಕಿಕೊಂಡು ಜಯಾ ಕಂಬಳಿ ಹೊದ್ದಳು. ಮೊದಲು ಅವನ ವಾಸನೆ. ಬೆವರು, ಸೋಪು, ಹೊಗೆ. ಆಮೇಲೆ ಅದರ ಕೆಳಗಿಂದ ಇನ್ನೊಂದು ವಾಸನೆ ಎದ್ದಿತು. ಒದ್ದೆ ಕಲ್ಲು. ಆರಿದ ಬೂದಿ. ಯಾರೋ ಬಹಳ ಹೊತ್ತು ಅಗಿದು ಉಗುಳಿದ ಕಹಿ ಎಲೆ.

ಕಣ್ಣು ಮುಚ್ಚಿತು. ಕಾಲ ಕೆಳಗೆ ತೂಗುವ ಹಗ್ಗ. ಬಹಳ ಕೆಳಗೆ ನೀರಿನ ಸದ್ದು. ಮುಂದೆ ಹನಮೇಶನ ಬೆನ್ನು. ಅವನು ತಿರುಗಿ ನೋಡಲಿಲ್ಲ. ಕೂಗಬೇಕೆಂದುಕೊಂಡಳು. ಗಾಳಿ ಸಾಲಲಿಲ್ಲ. ಒಂದು ಹೆಜ್ಜೆ. ಒಂದು ಉಸಿರು. ಒಂದು ಹೆಜ್ಜೆ. ಹಿಂದೆಯೂ ಒಂದು ಹೆಜ್ಜೆ ಬಿತ್ತು. ಅದು ಅವಳದಲ್ಲ.

ಬೆಚ್ಚಿ ಎದ್ದಳು. ಕತ್ತಲು. ಎದೆಯ ಮೇಲೆ ಬಂಡೆ ಇಟ್ಟ ಹಾಗೆ. ಪಕ್ಕದಲ್ಲಿ ಇಳಾ ಕಣ್ಣು ಬಿಟ್ಟು ಸೂರು ನೋಡುತ್ತಿದ್ದಳು. ತುಟಿ ನೀಲಿಯಾಗಿತ್ತು. ನಾಯಿಮರಿಯಂತೆ ಏದುತ್ತಿದ್ದಳು.

"ಸೇತುವಿ ದಾಟಿದ್ವಿ, ಅವ್ವಾ."

"ಯಾರು?"

"ಅಪ್ಪಾ ಮುಂದ ಹ್ವಾದ. ನನ್ನ ಕೈ ಅವರು ಹಿಡಕೊಂಡಾರ."

"ಯಾರ ಇಳಾ? ಯಾರ ಹಿಡಕೊಂಡಾರ?"

ಇಳಾ ತನ್ನ ಬಲಗೈ ತೋರಿಸಿದಳು. ಆ ಅಂಗೈ ಮಾತ್ರ ಮಂಜುಗಡ್ಡೆಯಂತೆ ತಣ್ಣಗಿತ್ತು.

ದವಾಖಾನೆಯಲ್ಲಿ ಎದೆಯ ಎಕ್ಸ್‌ರೇ ತೆಗೆದರು. ಏನೂ ಕಾಣಲಿಲ್ಲ. "ಎತ್ತರದ ಊರಿಗೆ ಏನರೆ ಕರ್ಕೊಂಡು ಹೋಗಿದ್ರೇನು?" ಎಂದು ಕೇಳಿದ ಎಳೆವಯಸ್ಸಿನ ಡಾಕ್ಟರನ ಮುಖವನ್ನು ನೋಡಲಾಗದೆ ಜಯಾ ನೆಲ ನೋಡಿದಳು. ಗುಳಿಗೆ ಕೊಟ್ಟು ಕಳಿಸಿದರು.

ಕಂಬಳಿಯನ್ನು ಮಾಳಿಗೆಯ ಮೇಲೆ ಮಳೆಗೆ ಬಿಸಾಕಿದಳು. ಇಳಾಳ ಉಸಿರು ಇಳಿಯಲಿಲ್ಲ. ಮರುದಿನ ಊಟದ ತಟ್ಟೆಯ ಮುಂದೆ ಕೂತು "ಮೆಟ್ಟಲಾ ಭಾಳ ಅದಾವ" ಎಂದಳು. ಅದರ ಮರುದಿನ "ಏನೂ ಕಾಣವಲ್ದು, ಬರೇ ಹೊಗಿ" ಎಂದಳು. ಆ ಹಾದಿಯ ಮಾತನ್ನು ಮಗುವಿನೆದುರು ಯಾರೂ ಆಡಿರಲಿಲ್ಲ. ಹಾಡುಹಗಲಲ್ಲೇ ಮಾಳಿಗೆಯ ಮೆಟ್ಟಿಲ ಮೇಲೆ ಸದ್ದು ಕೇಳುತ್ತಿತ್ತು. ಒಂದು ಹೆಜ್ಜೆ, ಬಿಡುವು, ಮತ್ತೊಂದು ಹೆಜ್ಜೆ. ಮೇಲೇರುವ ಸದ್ದೇ. ಒಮ್ಮೆಯೂ ಇಳಿಯಲಿಲ್ಲ.

ಜಯಾ ಮಾಳಿಗೆಗೆ ಹೋಗಿ, ಅಕ್ಕಪಕ್ಕದವರು ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತೊಯ್ದ ಕಂಬಳಿಯ ಮುಂದೆ ಮೊಣಕಾಲೂರಿದಳು. "ತಪ್ಪಾತು," ಎಂದಳು. ಕನ್ನಡದಲ್ಲಿ ಹೇಳಿದಳು, ಇಂಗ್ಲಿಷಿನಲ್ಲಿ ಹೇಳಿದಳು. ಆ ಹೊತ್ತಿನಲ್ಲೂ ಯಾರಾದರೂ ಕಂಡಾರೆಂಬ ಅಂಜಿಕೆ ಅವಳನ್ನು ಬಿಟ್ಟಿರಲಿಲ್ಲ. ಎಲೆ ಕೂಡ ಅಲುಗಾಡಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಇಳಾ ಎದ್ದು ಕೂರಲಿಲ್ಲ. ಮಲಗಿದಲ್ಲೇ ಹೇಳಿದಳು: "ಮನಿ ಕಾಣಾಕತ್ತಾವ, ಅವ್ವಾ. ಮ್ಯಾಲ ಏನೂ ಮುಚ್ಚಿಲ್ಲ."

ಜಯಾ ಹಿಂದಿನ ರಾತ್ರಿ ಒಲೆಯ ಹತ್ತಿರ ಆರಿಸಿಟ್ಟಿದ್ದ ಕಂಬಳಿಯನ್ನು ಚೀಲಕ್ಕೆ ತುಂಬಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಹುಬ್ಬಳ್ಳಿಗೆ ಬಂದು, ಸುಳ್ಳದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಂದೇ ಮಾತನ್ನು ಮನಸ್ಸಿನಲ್ಲಿ ಕಟ್ಟುತ್ತಿದ್ದಳು. ಖರೇ ಹೇಳಿ ಕಾಲು ಹಿಡಿಯುತ್ತೇನೆ. ಆಯಿ ಏನಾದರೂ ಹಾದಿ ತೋರಿಸುತ್ತಾಳೆ.

ಬೀರವ್ವ ಹೊಸ್ತಿಲಲ್ಲಿ ನಿಂತಿದ್ದಳು. ಒಳಗಿಂದ ಬೇವಿನ ಹೊಗೆ, ಬಿಸಿನೀರು, ಎಣ್ಣೆಯ ವಾಸನೆ. ಯಾರದೋ ಮಡಿಲಲ್ಲಿ ಏನೋ ಮುಲುಗುಟ್ಟಿತು.

"ನಿನ್ನೆ ಹಡದಾಳ. ಹೆಣ್ಣು!" ಬೀರವ್ವನ ಮುಖ ತುಂಬ ನಗೆಯಿತ್ತು. "ನೆಲದ ಮ್ಯಾಲ ಹಾಕಿಲ್ಲ ಇನ್ನ. ನಿನ್ನ ಹಾದೀನ ಕಾಯಾಕತ್ತಿದ್ವಿ."

ಒಳಗಿಂದ ಶೇವಂತೆವ್ವನ ದಣಿದ ದನಿ: "ಜಯಕ್ಕಾ, ಕಂಬಳಿ ಸಿಕ್ತೇನ್ರಿ? ಅತ್ತೀ ಮೂರ ದಿನದಿಂದ ಬಾಗಲಾ ಬಿಟ್ಟು ಸರದಿಲ್ಲ ನೋಡ್ರಿ."

ಜಯಾ ಚೀಲದಿಂದ ಕಂಬಳಿ ತೆಗೆದಳು. ಬೀರವ್ವನ ನಗೆ ನಿಂತಿತು. ಚಾಚಿದ ಕೈಯನ್ನು ಅರ್ಧಕ್ಕೇ ತಡೆದಳು. ಹೆಗಲ ಮೇಲಿನ ಮಗುವನ್ನು ನೋಡಿದಳು.

"ಕೂಸಿಗೆ ಏನಾಗೈತಿ?"

"ನೆಗಡಿ."

"ಹೇಳು. ಕೇಳಿ ಹಾಸಿದ್ನ?"

ಖರೇ ಮಾತು ನಾಲಗೆಯ ತುದಿಯಲ್ಲಿತ್ತು. ಆಗ ಕಿವಿಯ ಹತ್ತಿರ ಇಳಾ ಉಸುರಿದಳು. "ಅವ್ವಾ, ಬಾಗಲಾ..."

"ಕೇಳಿದ್ರು," ಎಂದಳು ಜಯಾ.

"ಏನಂತ?"

"ಹಾಸಲೇನ್ರಿ ಅಂದ್ರಂತ. ಫೋನಿನ್ಯಾಗ ಹೇಳಿದ್ರು."

"ಏನರ ಉತ್ತರಾ ಬಂತಂತ?"

"ಗಾಳಿ ಬಂತಂತ. ಮೊದಲ ಬರಲಿಲ್ಲಂತ. ಸ್ವಲ್ಪ ಹೊತ್ತು ನಿಂತ್ರಂತ. ಆಮ್ಯಾಲ ಬಂತಂತ."

ಎಷ್ಟು ಸಲೀಸಾಗಿ ಬಂದವು ಮಾತುಗಳು! ಕೇಳದಿದ್ದ ವಿವರವನ್ನೂ ಸೇರಿಸಿದಳು. ಬೀರವ್ವನ ಕಣ್ಣು ತುಂಬಿದವು.

"ನಂಗ ಗೊತ್ತಿತ್ತು. ನನ್ನ ಕೈಯಾಗ ಬೆಳದ ಹುಡುಗಾ, ಹೆಂಗ ಮರೀತಾನ?" ಎರಡೂ ಕೈ ಚಾಚಿದಳು. ಕಂಬಳಿ ತೆಗೆದುಕೊಂಡಳು. ಹಣೆಗೊತ್ತಿಕೊಂಡಳು. "ನಿನ್ನ ಮ್ಯಾಲ ಸಂಶಯಾ ಪಟ್ಟೆ, ತಂಗಿ. ಹೊಟ್ಟ್ಯಾಗ ಹಾಕ್ಕೋ. ಒಳಗ ಬಾ, ಚಾ ಕುಡದ ಹೋಗು."

"ಬಸ್ಸು ತಪ್ಪತೈತ್ರಿ."

ಬೀರವ್ವ ಹೊಸ್ತಿಲು ದಾಟಿದಳು.

ಹೆಗಲ ಮೇಲೆ ಇಳಾಳ ಎದೆ ಒಮ್ಮೆ ಉಬ್ಬಿತು. ನೀರಿನಿಂದ ಮೇಲೆದ್ದವರ ಹಾಗೆ ದೀರ್ಘವಾಗಿ ಉಸಿರೆಳೆದುಕೊಂಡಳು. ಜಯಾ ತಿರುಗಿ ನಡೆದಳು. ಕಾಲು ಓಡಲು ಎಳೆಯುತ್ತಿದ್ದವು. ಓಡಿದರೆ ಗೊತ್ತಾಗುತ್ತದೆಂದು ನಡೆದಳು. ಒಳಗೆ ಕಂಬಳಿ ಕೊಡವಿದ ಸದ್ದು. ಹಸುಗೂಸಿನ ಅಳು. ಶೇವಂತೆವ್ವನ ನಗು. ಅಳು ಅರ್ಧಕ್ಕೆ ನಿಂತಿತು.

"ಅತ್ತೀ," ಎಂದಿತು ಆ ದಣಿದ ದನಿ, "ಇಲ್ಲಿ ಬರ್ರಿ. ಯಾಕೋ ಏದಾಕತ್ತೈತಿ ನೋಡ್ರಿ."

ಆಮೇಲೆ ಬೀರವ್ವನ ಕೂಗು. "ಜಯಾ! ಏ ಜಯಾ!"

ಕೇಳದ ಹಾಗೆ ನಡೆದಳು. ನಾಚಿಕೆ ಬೆನ್ನಿನ ಮೇಲೆ ಬಿಸಿಲಿನಂತೆ ಬಿದ್ದಿತ್ತು.

"ಅವ್ವಾ, ಹಸಿವಾಗೈತಿ," ಎಂದಳು ಇಳಾ. ಕೆನ್ನೆಗೆ ಬಣ್ಣ ಬಂದಿತ್ತು.

ಬಸ್ಸು ನಿಂತಿತು. ಜಯಾ ಹತ್ತಿದಳು. ಕಿಟಕಿಯ ಪಕ್ಕ ಕೂತು, ಹೊರಗೆ ನೋಡದೆ, ಗಾಜು ಎಳೆದುಕೊಂಡಳು. ಇಷ್ಟು ದಿನದ ಮೇಲೆ ಅವಳ ಎದೆ ತುಂಬ ಉಸಿರು ಸಿಕ್ಕಿತು. ಅದನ್ನು ಯಾರಿಗೂ ಕೇಳಿಸದ ಹಾಗೆ, ಕದ್ದವಳಂತೆ, ಸ್ವಲ್ಪ ಸ್ವಲ್ಪವೇ ಬಿಟ್ಟಳು.