ಹತ್ತನೇ ಸ್ಪೀಕರ್

ಅಂಗಡಿಯಲ್ಲಿದ್ದ ಹನ್ನೊಂದು ಬ್ಲೂಟೂತ್ ಸ್ಪೀಕರುಗಳಲ್ಲಿ ಒಂಬತ್ತನ್ನು ಅವನು ಬೇಡ ಎಂದಾಗಿತ್ತು. ಒಂದಕ್ಕೆ ಬೇಸ್ ಜಾಸ್ತಿ, ಇನ್ನೊಂದಕ್ಕೆ ಬೇಸೇ ಇಲ್ಲ. ಒಂದರ ಬ್ಯಾಟರಿ ಆರೇ ಗಂಟೆ, ಮತ್ತೊಂದು ನಾಲ್ಕು ಹನಿ ನೀರು ಬಿದ್ದರೆ ಕೆಡುವಂಥದ್ದು. ಅಂಗಡಿಯಾಕೆ ಮುಖದ ನಗುವನ್ನು ಮಡಚಿಟ್ಟು ಹತ್ತನೆಯ ಡಬ್ಬಿ ತೆರೆದಳು.

"ಲೆನ್ಸಪ್ಪ, ಸ್ಪೀಕರ್ ತಗೋತಿದ್ದೀರಾ, ಅದಕ್ಕೆ ಇಂಟರ್‌ವ್ಯೂ ಮಾಡ್ತಿದ್ದೀರಾ?" ಪಕ್ಕದಲ್ಲಿದ್ದವಳು ಓರೆಗಣ್ಣಿನಲ್ಲಿ ನೋಡಿದಳು.

ಕಣ್ಣಿನ ಆಸ್ಪತ್ರೆಯಲ್ಲಿ ಅವಳು ದೃಷ್ಟಿ ಪರೀಕ್ಷಿಸುವವಳು. ಅವಳು ಬರೆದುಕೊಟ್ಟ ನಂಬರಿಗೆ ತಕ್ಕಂತೆ ಗಾಜು ಉಜ್ಜಿ ಕನ್ನಡಕ ಮಾಡುವವನು ಅವನು. ಲೆನ್ಸಪ್ಪ ಎಂದು ಹೆಸರಿಟ್ಟವಳು ಅವಳೇ. ಮೂರು ವರ್ಷದಲ್ಲಿ ಅದು ಇಡೀ ಆಸ್ಪತ್ರೆಯ ಬಾಯಿಗೆ ಹತ್ತಿತ್ತು. ನಾಳೆ ಬೆಳಗಿನ ರೈಲಿಗೆ ಅವಳು ದೂರದ ಊರಿನ ಹೊಸ ಶಾಖೆಗೆ ಹೊರಡುತ್ತಿದ್ದಳು. ಇವತ್ತು ಸಂಜೆ ಆಸ್ಪತ್ರೆಯ ತಾರಸಿಯ ಮೇಲೆ ಬೀಳ್ಕೊಡುಗೆ ಪಾರ್ಟಿ. ಪಾರ್ಟಿಗೂ ಆಗಬೇಕು, ಆಮೇಲೆ ಅವಳ ಮನೆಗೂ ಆಗಬೇಕು ಎಂದು ಎಲ್ಲರೂ ಸೇರಿ ಸ್ಪೀಕರನ್ನೇ ಉಡುಗೊರೆಯಾಗಿ ಗೊತ್ತುಮಾಡಿ, ಊಟದ ಬಿಡುವಿನಲ್ಲಿ ಇಬ್ಬರನ್ನೂ ಅಂಗಡಿಗೆ ಅಟ್ಟಿದ್ದರು.

ಆರಿಸಿದ ಕೂಡಲೇ ಈ ಒಂದು ಗಂಟೆಯೂ ಮುಗಿದುಹೋಗುತ್ತದೆ. ಅವನು ಆ ಲೆಕ್ಕವನ್ನೇ ಹಾಕುತ್ತಿದ್ದ.

"ಇದು ತಾರಸಿಗೆ ಧಾರಾಳ ಆಗುತ್ತೆ," ಅಂದಳು ಅಂಗಡಿಯಾಕೆ. "ಮನೇಲಿ ಎಷ್ಟು ಜನ?"

"ನಾನೊಬ್ಬಳೇ."

"ಹಾಗಾದ್ರೆ ಇನ್ನೊಂದು ಸಣ್ಣದಿದೆ. ವಾಲ್ಯೂಮ್ ತಗ್ಗಿಸಿದ್ರೂ ಹಾಡಿನ ಮಾತು ಸ್ಪಷ್ಟವಾಗಿ ಕೇಳುತ್ತೆ. ತರ್ತೀನಿ ಇರಿ." ಆಕೆ ಒಳಕ್ಕೆ ಹೋದಳು.

ಅವನು ಹತ್ತನೆಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ.

"ಹನ್ನೊಂದನೇದಕ್ಕೆ ಏನು ಕೊಂಕು ತೆಗೀತೀರಿ?" ಅವಳ ತುಟಿಯಂಚು ಸ್ವಲ್ಪವೇ ಮೇಲೇರಿತ್ತು.

"ಏನಾದ್ರೂ ಹುಡುಕ್ತೀನಿ."

"ಯಾಕೆ?"

"ಒಂದು ಒಪ್ಪಿಗೆ ಆಗಿಬಿಟ್ರೆ ನೀವು ಎದ್ದು ಹೊರಟುಬಿಡ್ತೀರಿ." ಅವನು ಡಬ್ಬಿಯಿಂದ ಕಣ್ಣು ತೆಗೆದು ಅವಳನ್ನು ನೋಡಿದ. "ಹೋಗ್ಬೇಡಿ. ಮೂರು ವರ್ಷದಿಂದ ಹೇಳೋಕೆ ಬಾಯಿ ಬಂದಿಲ್ಲ. ನೀವಿಲ್ಲದ ಆ ಆಸ್ಪತ್ರೆಗೆ ನಾನು ಹೇಗೆ ಕಾಲಿಡ್ಲಿ?"

ಅವಳ ನಗು ಆರಿಹೋಯಿತು.

"ಈಗ ಹೇಳ್ತಿದ್ದೀಯಾ?" ಅವನನ್ನು ಅವಳು ಏಕವಚನದಲ್ಲಿ ಕರೆದದ್ದು ಅದೇ ಮೊದಲು, ಅದೂ ಸಿಟ್ಟಿನಲ್ಲಿ. "ರಿಸೆಪ್ಷನ್ ಅಕ್ಕ ಕೇಳಿದಾಗ ಏನಂದೆ? ನನಗೆ ಮದುವೆ ಯೋಚನೇನೇ ಇಲ್ಲ ಅಂದೆ. ನಾನು ಬಾಗಿಲ ಹಿಂದೇನೇ ಇದ್ದೆ. ಮಾರನೇ ದಿನ ನಾನೇ ಟ್ರಾನ್ಸ್‌ಫರ್ ಕೇಳಿ ಬರ್ಕೊಟ್ಟೆ. ದಿನಾ ನಿನ್ನ ಮುಖ ನೋಡ್ಕೊಂಡು ಸುಮ್ಮನಿರೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ."

ಅವನು ತಡವರಿಸಿದ. "ಅಮ್ಮನಿಗೆ ಕಣ್ಣು ಪೂರ್ತಿ ಹೋಗಿರೋದು ನಿಮಗೇ ಗೊತ್ತು. ಎಲ್ಲಿ ಹೊಸ್ತಿಲು, ಎಲ್ಲಿ ನಲ್ಲಿ ಅಂತ ಆ ಮನೇಲಿ ಮಾತ್ರ ಅವರ ಕೈಗೆ ಗೊತ್ತು. ಅವರನ್ನ ಬಿಟ್ಟು ನಿಮ್ಮ ಹಿಂದೆ ಬರೋ ಹಾಗಿಲ್ಲ, ಕರ್ಕೊಂಡು ಬರೋ ಹಾಗೂ ಇಲ್ಲ. ಈ ಹೊರೆ ಇನ್ನೊಬ್ಬರ ಹೆಗಲಿಗೆ ಯಾಕೆ ಅಂತ ಅವತ್ತು ಹಾಗಂದೆ..."

"ಅವರನ್ನ ಕೇಳಿದ್ಯಾ?"

ಅವನು ತಲೆ ತಗ್ಗಿಸಿದ.

"ನನ್ನನ್ನ ಕೇಳಿದ್ಯಾ?"



ಅವಳು ಅಂಗೈಯಿಂದ ಕೆನ್ನೆ ಒರೆಸಿಕೊಂಡು, "ಅಕ್ಕಾ, ಈ ಹತ್ತನೇದೇ ಇರ್ಲಿ, ಪ್ಯಾಕ್ ಮಾಡಿ," ಎಂದು ಒಳಗೆ ಕೇಳುವಂತೆ ಹೇಳಿದಳು. ಡಬ್ಬಿ ಕೈಗೆ ಬಂದದ್ದೇ, ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋದಳು.

ಅವನು ಆಸ್ಪತ್ರೆಗೆ ಹೋಗಲಿಲ್ಲ. ಏದುಸಿರು ಬಿಡುತ್ತ ಮನೆಗೆ ಓಡಿದ.

ತಾಯಿ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಈ ಹೊತ್ತಲ್ಲಿ ಯಾಕೋ ಬಂದೆ? ಓಡಿ ಬಂದ ಹಾಗಿದೆ ಹೆಜ್ಜೆ."

ಅವನು ನೆಲಕ್ಕೆ ಕುಸಿದು ಎಲ್ಲವನ್ನೂ ಹೇಳಿದ. ತಾಯಿಯ ಕೈ ಬೆಳ್ಳುಳ್ಳಿಯ ಮೇಲೆ ನಿಂತಿತು.

"ಇನ್ನು ದೃಷ್ಟಿ ಬರಲ್ಲ ಅಂತ ನನ್ನ ಕೈ ಹಿಡ್ಕೊಂಡು ಹೇಳಿದಳಲ್ಲ, ಆ ಹುಡುಗಿ ತಾನೇ? ಉಳಿದವರೆಲ್ಲ ನಿನ್ನ ಹತ್ರ ಹೇಳಿದ್ರು. ಅವಳೊಬ್ಬಳು ನನ್ನ ಹತ್ರ ಹೇಳಿದಳು." ಬೆಳ್ಳುಳ್ಳಿಯ ತಟ್ಟೆ ಪಕ್ಕಕ್ಕೆ ಸರಿಯಿತು. "ನನಗೆ ಯಾವ ಊರಾದ್ರೂ ಕತ್ತಲು ಒಂದೇ ಕಣೋ. ನಾಲ್ಕು ದಿನ ಗೋಡೆಗೆ ಹಣೆ ತಾಗಿಸ್ಕೋತೀನಿ, ಆಮೇಲೆ ರೂಢಿ ಆಗುತ್ತೆ. ನಿನ್ನ ಹೆದರಿಕೆಗೆ ನನ್ನನ್ನ ಅಡ್ಡ ಇಟ್ಕೋಬೇಡ. ಏಳು, ನನ್ನ ಒಳ್ಳೇ ಬಟ್ಟೆ ತೆಗೆದುಕೊಡು."

ಸಂಜೆ ತಾರಸಿಯ ಹಾಡು ಬೀದಿಗೇ ಕೇಳುತ್ತಿತ್ತು. ಅವನು ತಾಯಿಯ ಕೈ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿದ. ಅವಳು ಹೊರಟೇ ಹೋಗಿದ್ದರೆ? ಇದ್ದೂ ಮುಖ ತಿರುಗಿಸಿದರೆ?

ಅವಳು ಮೂಲೆಯಲ್ಲಿದ್ದಳು, ಕೈಯಲ್ಲಿ ತುಂಬಿದ ಟೀ ಕಪ್ಪು ಹಾಗೇ ಇತ್ತು. ತಾಯಿ-ಮಗನನ್ನು ಕಂಡದ್ದೇ ಕಪ್ಪನ್ನು ಗೋಡೆಯ ಮೇಲಿಟ್ಟು, ಕುಣಿಯುತ್ತಿದ್ದವರ ನಡುವೆ ದಾರಿ ಮಾಡಿಕೊಂಡು ಬಂದಳು.

"ಕೇಳ್ದೆ," ಎಂದ ಅವನು, ಹಾಡಿಗಿಂತ ಜೋರಾಗಿ. "ಅಮ್ಮ ಬರ್ತಾರಂತೆ. ಈಗ ನಿಮ್ಮನ್ನ ಕೇಳೋಕೆ ಬಂದೆ."

ಯಾರೋ ಸ್ಪೀಕರಿನ ದನಿ ತಗ್ಗಿಸಿದರು. ಎಲ್ಲರೂ ಇತ್ತ ತಿರುಗಿದರು. ಅವಳು ತಾಯಿಯ ಕಡೆ ಬಾಗಿದಳು.

"ಅಮ್ಮ, ಮೆಟ್ಟಿಲು ಹತ್ತಿ ಸುಸ್ತಾಯ್ತಾ?"

"ಸುಸ್ತಾಗಿರೋದು ನಿನಗೆ ಕಣಮ್ಮ. ಇವನ ಬಾಯಿ ಬಿಡಿಸೋದು ಅಂದ್ರೆ ಸಾಮಾನ್ಯವಾ?"

ಅವಳು ನಕ್ಕಳು, ನಗುತ್ತಲೇ ಕಣ್ಣು ತುಂಬಿ ಹರಿಯಿತು. ಆಮೇಲೆ ಅವನನ್ನು ನೋಡಿದಳು.

"ನಾಳೆ ರೈಲು ನಾನು ತಪ್ಪಿಸಲ್ಲ. ಹೋಗಿ ಮೂವರಿಗೆ ಆಗೋ ಮನೆ ನೋಡ್ತೀನಿ, ನೆಲಮಹಡಿಯಲ್ಲಿ. ಅಲ್ಲಿ ಲೆನ್ಸ್ ಉಜ್ಜೋರು ಇನ್ನೂ ಸಿಕ್ಕಿಲ್ಲವಂತೆ. ಅರ್ಜಿ ಬರೀತೀಯಾ?"

"ಇವತ್ತೇ," ಎಂದ ಅವನು.

ಅವಳು ತಾಯಿಯ ಇನ್ನೊಂದು ಕೈ ಹಿಡಿದು ಕುರ್ಚಿಯ ಕಡೆಗೆ ನಡೆಸಿದಳು. ಅವನು ಈ ಕಡೆಯ ಕೈ ಬಿಡಲಿಲ್ಲ.