ಒಂದನೇ ನಂಬರಿನ ಲ್ಯಾಪ್‌ವಿಂಗ್

'ಲ್ಯಾಪ್‌ವಿಂಗ್ ಕಾರಿನ ಆ ಮೂತಿಯನ್ನು ತಿದ್ದಿದ್ದು ನನ್ನ ಇವೇ ಎರಡು ಕೈಗಳು' ಎಂದು ಹಳೆಯ ಧಣಿ ಆಬ್ರಿ ಪೆಂಡಲ್ ಪತ್ರಿಕೆಯವರಿಗೆ ಹೇಳಿದ್ದನ್ನು ಓದಿ ವಿಲ್ಫ್ ಥರ್ಟಲ್‌ನ ಬೆಳಗಿನ ಚಹಾ ಕಹಿಯಾಯಿತು.

ಇವೇ ಎರಡು ಕೈಗಳಂತೆ! ಐವತ್ತೇಳರಲ್ಲಿ, ನಾರ್ಫೋಕಿನ ಆ ತಗಡಿನ ಶೆಡ್ಡಿನಲ್ಲಿ, ಗಾರೆಯ ಮುದ್ದೆಯನ್ನು ಹೆರೆದು ಹೆರೆದು ಮೂತಿ ಬರಿಸಿದವನು ವಿಲ್ಫ್. ಅದರಿಂದ ಅಚ್ಚು ತೆಗೆದು, ಅಚ್ಚಿನೊಳಗೆ ಗಾಜಿನ ನಾರು ಹಾಸಿ, ಅಂಟು ಸವರಿ, ಮೊಟ್ಟಮೊದಲ ಫೈಬರ್‌ಗ್ಲಾಸ್ ಮೈಯನ್ನು ಎಬ್ಬಿಸಿದವನೂ ಅವನೇ. ಧಣಿ ಆಗ ಬಾಗಿಲಾಚೆ ಪೈಪು ಸೇದುತ್ತಿದ್ದ. ಒಳಗೆ ಬಂದಿದ್ದರೆ ಅಂಟಿನ ಆವಿಗೆ ಶೆಡ್ಡೇ ಹಾರಿಹೋಗುತ್ತಿತ್ತು. ಹದಿನಾಲ್ಕು ವರ್ಷ ದುಡಿಸಿಕೊಂಡ. ನಾಲ್ಕನೇ ಮಾದರಿಯ ಅಂಚು ಕತ್ತರಿಸುವಾಗ ಗರಗಸ ವಿಲ್ಫ್‌ನ ತೋರುಬೆರಳಿನ ತುದಿ ಕಚ್ಚಿಕೊಂಡು ಹೋದರೆ ಒಂದು ಡಬ್ಬಿ ಬಿಸ್ಕತ್ತು ಕಳಿಸಿದ. ಅದೂ ಒಡೆದ ಬಿಸ್ಕತ್ತು.

ಸುದ್ದಿಯ ಕೊನೆಯಲ್ಲಿ ಇನ್ನೊಂದು ಮಾತಿತ್ತು: ಕಳೆದುಹೋದ ಒಂದನೇ ನಂಬರಿನ ಕಾರನ್ನು ತಂದುಕೊಟ್ಟವರಿಗೆ ಇಪ್ಪತ್ತು ಸಾವಿರ ಪೌಂಡ್. ಸಾಯುವ ಮೊದಲು ಧಣಿಗೆ ಅದರಲ್ಲೊಮ್ಮೆ ಕೂರಬೇಕಂತೆ.

ಕೂರಿಸೋಣ, ಅಂದುಕೊಂಡ ವಿಲ್ಫ್. ನಕಲಿಯ ಮುಂದೆ ಮಂಡಿಯೂರಿಸಿ ಅಳಿಸೋಣ.

ಆ ಕಾರು ಎಲ್ಲಿದೆ ಎಂಬುದು ಅವನೊಬ್ಬನಿಗೆ ಗೊತ್ತಿತ್ತು: ಎಲ್ಲೂ ಇರಲಿಲ್ಲ. ಕೊಂಡುಕೊಂಡ ಹಲ್ಲಿನ ಡಾಕ್ಟರು ಮರುವರ್ಷವೇ ಅದನ್ನು ಮರಕ್ಕೆ ಗುದ್ದಿ ಬೂದಿ ಮಾಡಿ, ಹೆಂಡತಿಗೆ ಹೆದರಿ, ಉಳಿದ ಕಬ್ಬಿಣದ ಚೌಕಟ್ಟನ್ನು ಗುಟ್ಟಾಗಿ ವಿಲ್ಫ್‌ಗೆ ದಾಟಿಸಿ ಕೀನ್ಯಾಕ್ಕೆ ಹೋಗಿ ಅಲ್ಲೇ ತೀರಿಕೊಂಡಿದ್ದ. ಚೌಕಟ್ಟು, ಅದರ ಮೇಲೆ ಕೊರೆದ ನಂಬರಿನ ಸಮೇತ, ಅಕ್ಕ ಹೆಸ್ಟರ್‌ಳ ಕೋಳಿಗೂಡಿಗೆ ಆಸರೆಯಾಗಿತ್ತು. ಕಂಪನಿ ಮುಚ್ಚಿದಾಗ ಸುಡಬೇಕಿದ್ದ ಅಚ್ಚು ಅವಳ ಬಾತುಕೋಳಿಗಳಿಗೆ ಕೊಳವಾಗಿತ್ತು.

"ನನ್ ಬಾತುಗಳ ಮನೆ ಕಿತ್ಕೊಳ್ತೀಯಲ್ಲೋ, ಕಟುಕ!" ಎಂದಳು ಹೆಸ್ಟರ್.

"ಹೊಸ ಸ್ನಾನದ ತೊಟ್ಟಿ ತಂದ್ಕೊಡ್ತೀನಿ ಅಕ್ಕ, ನಲ್ಲಿ ಸಮೇತ."

"ಜೈಲಿಗೆ ಹೋದ್ರೆ ನಾನಂತೂ ಕೇಕ್ ಹಿಡ್ಕೊಂಡ್ ಬರಲ್ಲ."

"ನಿನ್ ಕೇಕಿಗಿಂತ ಜೈಲೂಟಾನೇ ಮೆತ್ತಗಿರುತ್ತೆ ಬಿಡು."

ಚಳಿಗಾಲವೆಲ್ಲ ಕೆಲಸ ಸಾಗಿತು. ಅಚ್ಚಿಗೆ ಮೇಣ ಉಜ್ಜಿ, ತಿಳಿಹಳದಿ ಬಣ್ಣ ಬಳಿದು, ನಾರಿನ ಮೇಲೆ ನಾರು ಹಾಸಿ, ಒಂದು ಗಾಳಿಗುಳ್ಳೆಯೂ ಉಳಿಯದಂತೆ ಉರುಳೆ ಉರುಳಿಸಿದ. ಶೆಡ್ಡಿನ ಹಳೆಯ ರೂಢಿಯನ್ನೂ ಮರೆಯಲಿಲ್ಲ. ಧಣಿಯ ಸಹಿ ಮುಂದಿನ ಫಲಕದ ಮೇಲೆ ಮಿಂಚುತ್ತಿದ್ದರೆ, ಮೈ ಹಾಸಿದವನ ಸಹಿ ಸೀಟಿನ ಹಿಂದೆ ಅಡಗಿರುತ್ತಿತ್ತು: ಕೊನೆಯ ಪದರ ಗಟ್ಟಿಯಾಗುವ ಮುನ್ನ ಒತ್ತಿದ ಬಲ ಅಂಗೈ. ಕೈಗೆ ಮೇಣ ಸವರಿ ವಿಲ್ಫ್ ಬಲವಾಗಿ ಒತ್ತಿದ. ಮೂವತ್ತೇಳು ವರ್ಷ ಹಿಂದಕ್ಕೆ ಹೋಗಿ ಬಂದಂತಾಯಿತು; ಕಣ್ಣು ತುಂಬಿತು. ಇನ್ನು ಯಾವ ಪಂಡಿತ ಬಂದರೂ ಚಿಂತೆಯಿಲ್ಲ.

ಆಮೇಲೆ ವಯಸ್ಸು ತರಿಸುವ ಆಟ. ಕಡುಚಹಾದಲ್ಲಿ ಅದ್ದಿದ ಸೀಟು, ಕೋಳಿಹಿಕ್ಕೆ, ಬಾನೆಟ್ಟಿನ ಕೆಳಗೊಂದು ಇಲಿಗೂಡು. ಇಲಿ ತಾನಾಗಿಯೇ ಬಂದು ಸಂಸಾರ ಹೂಡಿತು.

ಸತ್ತ ಗಂಡನ ಕೊಟ್ಟಿಗೆಯಲ್ಲಿ ಕಾರು ಸಿಕ್ಕಿತೆಂದು ಹೆಸ್ಟರ್ ಪತ್ರ ಬರೆದಳು. ಕೆಲಸಗಾರರಿಗೂ ಅಕ್ಕಂದಿರಿರುತ್ತಾರೆ ಎಂಬುದು ಧಣಿಗೆ ಎಂದೂ ಹೊಳೆದಿರಲಿಲ್ಲ. ಅಸಲಿಯೋ ನಕಲಿಯೋ ಎಂದು ಹೇಳಲು ಅವನು ಯಾರನ್ನು ಕರೆಸಿದ? ಅಂದಿನವರಲ್ಲಿ ಬದುಕಿದ್ದ ಒಬ್ಬನೇ ಒಬ್ಬನನ್ನು, ವಿಲ್ಫ್‌ನನ್ನು. ವಿಲ್ಫ್ ಲೆಕ್ಕ ಹಾಕಿದ್ದೂ ಅದನ್ನೇ.

"ನಕಲಿ ಇದ್ರೂ ಇರ್ಬಹುದು ಸರ್" ಎಂದ ವಿಲ್ಫ್, ಮುಖ ಸಪ್ಪಗೆ ಮಾಡಿ. "ಈಗಿನ ಕಾಲದವರನ್ನ ನಂಬೋಕಾಗಲ್ಲ."

"ನಕಲಿಯಂತೆ! ಕಣ್ಣಿದ್ಯೇನಯ್ಯಾ ನಿಂಗೆ? ಆ ಮೂತಿ ನೋಡು!"

ಮುದುಕ ನಿಜವಾಗಿಯೂ ಮಂಡಿಯೂರಿದ. ಮೂತಿ ಸವರಿದ. ನಿಜವಾಗಿಯೂ ಅತ್ತ. ಇಪ್ಪತ್ತು ಸಾವಿರಕ್ಕಿಂತ ಸಿಹಿಯಾಗಿತ್ತು ಆ ನೋಟ. ಹೆಸ್ಟರ್ ಏಪ್ರನ್ನಿನಲ್ಲಿ ಬಾಯಿ ಮುಚ್ಚಿಕೊಂಡಳು. ಧಣಿ ಚೆಕ್ಕಿನ ಪುಸ್ತಕ ತೆಗೆದ, ಪೆನ್ನು ಬಿಚ್ಚಿದ, ಆಮೇಲೆ ಏನೋ ನೆನಪಾಗಿ ಟಾರ್ಚು ಹಿಡಿದು ಸೀಟಿನ ಹಿಂದಕ್ಕೆ ತಲೆ ತೂರಿಸಿದ. ಬಹಳ ಹೊತ್ತು ತಲೆ ಆಚೆ ಬರಲಿಲ್ಲ.

"ವಿಲ್ಫ್, ನಿನ್ ಕೈ ಗುರುತು ಇದೆ ಇಲ್ಲಿ. ಎಲ್ಲಿ, ಬಲಗೈ ಇಡು ನೋಡೋಣ."

ವಿಲ್ಫ್ ಮದುವೆ ಗಂಡಿನ ಹಾಗೆ ಬೀಗುತ್ತ ಕೈ ಚಾಚಿದ. ಹೆಬ್ಬೆರಳು ಹೆಬ್ಬೆರಳಿನಲ್ಲಿ ಕೂತಿತು. ಕಿರುಬೆರಳು ಕಿರುಬೆರಳಿನಲ್ಲಿ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮೊಂಡು ತೋರುಬೆರಳೂ ತನ್ನ ಮೊಂಡು ಗುಳಿಯಲ್ಲಿ ಸುಖವಾಗಿ ಕೂತಿತು. ಮುದುಕ ಪೆನ್ನಿನ ಮುಚ್ಚಳ ಹಾಕುತ್ತ ಮೆಲ್ಲಗೆ ಕೇಳಿದ: "ಆ ಬಿಸ್ಕತ್ತು ಡಬ್ಬಿ ನಾನ್ ಕಳಿಸಿದ್ದು ಈ ಕಾರು ಮಾಡಿ ಆರು ವರ್ಷ ಆದ್ಮೇಲೆ ಅಲ್ವೇನಯ್ಯಾ?"